ಮಗುವನ್ನು ಸುಮ್ಮನೆ ಕೂತು ನೋಡಿದ ಡಾಕ್ಟರಮ್ಮ

ನಾಲ್ಕು ವರ್ಷದ ಮಗುವಿಗೆ ಇಂಟರ್‌ವ್ಯೂ! ನನ್ನ ಮಗಳಿಗೂ ಆಯಿತು. ಎಲ್‌ಕೆಜಿಗೆ ಸೇರಿಸೋಣ ಅಂತ ಒಂದು ಶಾಲೆಗೆ ಕರೆದುಕೊಂಡು ಹೋಗಿದ್ದೆ. ಗುರುತು ಪರಿಚಯವಿಲ್ಲದ ಟೀಚರ್ ಎದುರು ಹತ್ತು ನಿಮಿಷ ಕೂರಿಸಿದರು. ಬಣ್ಣದ ಹೆಸರು ಕೇಳಿದರು, ಚಿತ್ರ ಜೋಡಿಸಲು ಕೊಟ್ಟರು. ನಮ್ಮವಳ ಕಣ್ಣೆಲ್ಲ ಕಿಟಕಿಯಾಚೆಗಿನ ಜಾರುಬಂಡೆ ಮೇಲೆ. ಕೊನೆಗೆ ಏಕಾಗ್ರತೆ ಸಾಲದು, ಹೇಳಿದ್ದನ್ನು ಕೇಳುವುದಿಲ್ಲ ಅಂತ ಫಾರಂನಲ್ಲಿ ಬರೆದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇದೇ ಮಗು ಮನೆಯಲ್ಲಿ ಅಜ್ಜಿ ಪಕ್ಕ ಕೂತು ಒಂದು ಮೊರ ಅವರೆಕಾಯಿ ಸುಲಿದು ಮುಗಿಸುತ್ತಾಳೆ. ಹಾಗಾದರೆ ಯಾವುದನ್ನು ನಂಬಬೇಕು?

ಮನಸ್ಸನ್ನು ಒಂದು ಕಡೆ ನಿಲ್ಲಿಸುವುದು, ಕೈ ಚಾಚಬೇಕು ಅನಿಸಿದಾಗ ತಡೆದುಕೊಳ್ಳುವುದು, ಹೇಳಿದ್ದನ್ನು ನೆನಪಿನಲ್ಲಿಟ್ಟುಕೊಂಡು ಮಾಡುವುದು, ನಿಯಮ ಬದಲಾದರೆ ತಾನೂ ಬದಲಾಗುವುದು. ಇವನ್ನೆಲ್ಲ ಒಟ್ಟಾಗಿ ಮನಃಶಾಸ್ತ್ರಜ್ಞರು ಎಕ್ಸಿಕ್ಯೂಟಿವ್ ಫಂಕ್ಷನ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ತನ್ನನ್ನು ತಾನು ನಿಭಾಯಿಸಿಕೊಳ್ಳುವ ಶಕ್ತಿ. ಮೂರರಿಂದ ಐದು ವರ್ಷದ ನಡುವೆ ಇದು ಭರದಿಂದ ಬೆಳೆಯುತ್ತದೆ. ಆದರೆ ಅಷ್ಟು ಪುಟ್ಟ ಮಗುವಿನಲ್ಲಿ ಇದನ್ನು ಅಳೆಯುವುದು ಹೇಗೆ? ಈ ಹೆಸರು ಹುಟ್ಟುವ ಎಷ್ಟೋ ಮೊದಲೇ ಈ ಪ್ರಶ್ನೆಯ ಹಿಂದೆ ಬಿದ್ದು ಜೀವ ಸವೆಸಿದ ಹೆಣ್ಣುಮಗಳೊಬ್ಬರಿದ್ದರು. ನಮ್ಮೂರಿನ ಗಲ್ಲಿಗಲ್ಲಿಯ ಬೋರ್ಡುಗಳಲ್ಲಿ ಅವರ ಹೆಸರಿದೆ. ಅವರೇ ಮರಿಯಾ ಮಾಂಟೆಸೊರಿ. ಹೆಸರು ಎಲ್ಲರಿಗೂ ಗೊತ್ತು, ಬದುಕು ಗೊತ್ತಿರುವವರು ಕಡಿಮೆ.

ಹೆಣದ ಕೋಣೆಯಲ್ಲಿ ಒಬ್ಬಳೇ

ಮರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯಾರಾವಲ್ಲೆ ಎಂಬ ಊರಿನಲ್ಲಿ. ತಂದೆ ಅಲೆಸ್ಸಾಂಡ್ರೊ ಸರ್ಕಾರಿ ಅಧಿಕಾರಿ, ಹಳೇ ಕಾಲದ ಶಿಸ್ತಿನವರು. ತಾಯಿ ರೆನಿಲ್ಡೆ ಓದಿನ ಹುಚ್ಚಿದ್ದ ಹೆಂಗಸು. ಮಗಳು ಇನ್ನೂ ಪುಟ್ಟವಳಿದ್ದಾಗಲೇ ಸಂಸಾರ ರೋಮ್‌ಗೆ ಬಂತು.

ಆ ಕಾಲದಲ್ಲಿ ಓದಿದ ಹೆಣ್ಣುಮಕ್ಕಳು ಹೆಚ್ಚೆಂದರೆ ಟೀಚರ್ ಆಗುತ್ತಿದ್ದರು. ಮರಿಯಾಗೆ ಅದೊಂದು ಮಾತ್ರ ಬೇಡವಾಗಿತ್ತು! ಹದಿಮೂರನೇ ವಯಸ್ಸಿಗೆ ಹುಡುಗರೇ ತುಂಬಿದ್ದ ತಾಂತ್ರಿಕ ಶಾಲೆ ಸೇರಿದಳು. ಮೊದಲು ಎಂಜಿನಿಯರ್ ಆಗುವ ಆಸೆ ಇತ್ತು, ಆಮೇಲೆ ಡಾಕ್ಟರ್ ಆಗಬೇಕೆಂದಳು. ಅಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ, ಅಮ್ಮ ಬೆನ್ನಿಗೆ ನಿಂತಳು. ರೋಮ್ ವಿಶ್ವವಿದ್ಯಾಲಯದಲ್ಲಿ ಗಂಡಸರ ಜೊತೆ ನಿಂತು ಹೆಣ ಕೊಯ್ಯುವುದು ಹೆಣ್ಣಿಗೆ ಸಲ್ಲದು ಎಂದು ಭಾವಿಸಿದ್ದ ಕಾಲ ಅದು. ಎಲ್ಲರೂ ಹೋದ ಮೇಲೆ ಆ ಕೋಣೆಯಲ್ಲಿ ಒಬ್ಬಳೇ ನಿಂತು ಆ ಪಾಠ ಮುಗಿಸಬೇಕಿತ್ತು. 1896ರಲ್ಲಿ ಆಕೆ ಡಾಕ್ಟರ್ ಮಾಂಟೆಸೊರಿ ಆದರು. ಇಟಲಿಯಲ್ಲಿ ವೈದ್ಯ ಪದವಿ ಪಡೆದ ಮೊದಮೊದಲ ಕೆಲವೇ ಮಹಿಳೆಯರಲ್ಲಿ ಒಬ್ಬರು. ಅದೇ ವರ್ಷ ಬರ್ಲಿನ್‌ನಲ್ಲಿ ನಡೆದ ಮಹಿಳಾ ಸಮ್ಮೇಳನಕ್ಕೆ ಹೋಗಿ, ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಸಂಬಳ ಕೊಡಬೇಕೆಂದು ವಾದಿಸಿದರು.

ನೆಲದ ಮೇಲಿನ ರೊಟ್ಟಿ ಚೂರು

ಪದವಿಯ ನಂತರ ಅವರು ವಿಶ್ವವಿದ್ಯಾಲಯದ ಮಾನಸಿಕ ಚಿಕಿತ್ಸಾಲಯದಲ್ಲಿ ಕೆಲಸ ಮಾಡಿದರು. ಆಗ ಬುದ್ಧಿ ಬೆಳೆಯದ ಮಕ್ಕಳನ್ನು ದೊಡ್ಡವರ ಹುಚ್ಚಾಸ್ಪತ್ರೆಗಳಲ್ಲೇ ಕೂಡಿಹಾಕುತ್ತಿದ್ದರು. ಅಂಥದ್ದೊಂದು ಕಡೆ, ಈ ಮಕ್ಕಳು ಊಟ ಮುಗಿದ ಮೇಲೂ ನೆಲದಲ್ಲಿ ಬಿದ್ದ ರೊಟ್ಟಿ ಚೂರಿಗೆ ಮುಗಿಬೀಳುತ್ತವೆ ಅಂತ ನೋಡಿಕೊಳ್ಳುವ ಹೆಂಗಸು ಅಸಹ್ಯಪಟ್ಟುಕೊಂಡು ಹೇಳಿದಳಂತೆ. ಮರಿಯಾ ಕೋಣೆಯ ಸುತ್ತ ಕಣ್ಣಾಡಿಸಿದರು. ಒಂದು ಆಟಿಕೆ ಇಲ್ಲ, ಒಂದು ಕಡ್ಡಿ ಇಲ್ಲ. ಮಕ್ಕಳು ಆ ಚೂರುಗಳನ್ನು ತಿನ್ನುವುದಕ್ಕಿಂತ ಹೆಚ್ಚಾಗಿ ಹಿಡಿದು, ತಿರುಗಿಸಿ, ಮುಟ್ಟಿ ನೋಡುತ್ತಿದ್ದರು. ಕೈಗೆ ಏನಾದರೂ ಬೇಕಿತ್ತು ಅವರಿಗೆ. ಒಂದೇ ದೃಶ್ಯ ಒಬ್ಬರಿಗೆ ಹೊಟ್ಟೆಬಾಕತನವಾಗಿ ಕಂಡರೆ ಇನ್ನೊಬ್ಬರಿಗೆ ಬುದ್ಧಿಯ ಹಸಿವಾಗಿ ಕಂಡಿತು.

ಅಲ್ಲಿಂದ ಅವರು ಇಟಾರ್ ಮತ್ತು ಸೆಗಾಂ ಎಂಬ ಇಬ್ಬರು ಫ್ರೆಂಚ್ ವೈದ್ಯರ ಬರಹಗಳನ್ನು ಹುಡುಕಿ ಓದಿದರು. 1900ರಲ್ಲಿ ರೋಮ್‌ನಲ್ಲಿ ಇಂಥ ಮಕ್ಕಳಿಗೆಂದೇ ತೆರೆದ ಸಂಸ್ಥೆಯ ಇಬ್ಬರು ನಿರ್ದೇಶಕರಲ್ಲಿ ಒಬ್ಬರಾದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಮಕ್ಕಳೊಂದಿಗೇ ಇರುವುದು, ರಾತ್ರಿ ಕೂತು ಅಂದು ಕಂಡದ್ದನ್ನೆಲ್ಲ ಬರೆದಿಡುವುದು. ಕೈಲಾಗದವರು ಅನಿಸಿಕೊಂಡಿದ್ದ ಆ ಮಕ್ಕಳಲ್ಲಿ ಕೆಲವರು ಸಾಮಾನ್ಯ ಶಾಲೆಯ ಪರೀಕ್ಷೆಯಲ್ಲಿ ಪಾಸಾದರು. ಜನ ಹೊಗಳಿದರು. ಮರಿಯಾಗೆ ಮಾತ್ರ ಬೇರೆಯೇ ಚಿಂತೆ ಹತ್ತಿತು. ಈ ಮಕ್ಕಳೇ ಇಷ್ಟು ಮಾಡಿದರೆ, ಆರೋಗ್ಯವಾಗಿರುವ ಮಕ್ಕಳು ಇಷ್ಟಕ್ಕೇ ನಿಂತಿರುವುದು ಯಾಕೆ?

ದೂರ ಉಳಿದ ಮಗ

ಇಲ್ಲೊಂದು ನೋವಿನ ಕಥೆ ಇದೆ. ಆ ಸಂಸ್ಥೆಯ ಇನ್ನೊಬ್ಬ ನಿರ್ದೇಶಕ ಡಾಕ್ಟರ್ ಜುಸೆಪ್ಪೆ ಮೊಂಟೆಸಾನೊ. ಇಬ್ಬರೂ ಪ್ರೀತಿಸಿದ್ದರು. 1898ರಲ್ಲಿ ಅವರಿಗೆ ಗಂಡು ಮಗು ಹುಟ್ಟಿತು. ಮದುವೆ ಆಗಲಿಲ್ಲ. ಮದುವೆಯಾಗದೆ ತಾಯಾದ ಸುದ್ದಿ ಹೊರಬಿದ್ದರೆ ಕೆಲಸ, ಮಾನ ಎರಡೂ ಹೋಗುತ್ತಿದ್ದ ಕಾಲ. ಮಗು ಮಾರಿಯೊನನ್ನು ಹಳ್ಳಿಯ ಸಂಸಾರವೊಂದರಲ್ಲಿ ಸಾಕಲು ಬಿಟ್ಟರು. ತಾಯಿ ಆಗಾಗ ಹೋಗಿ ನೋಡಿ ಬರುತ್ತಿದ್ದರು, ಆದರೆ ತಾನು ತಾಯಿ ಅಂತ ಹೇಳುವಂತಿರಲಿಲ್ಲ. 1901ರಲ್ಲಿ ಮೊಂಟೆಸಾನೊ ಬೇರೊಬ್ಬರನ್ನು ಮದುವೆಯಾದರು. ಮರಿಯಾ ಆ ಸಂಸ್ಥೆಯನ್ನೇ ಬಿಟ್ಟು ಮತ್ತೆ ವಿಶ್ವವಿದ್ಯಾಲಯಕ್ಕೆ ಓದಲು ಹೋದರು.

ಮುಂದೆ ಜಗತ್ತಿನ ತಾಯಂದಿರಿಗೆಲ್ಲ ಮಗುವನ್ನು ನೋಡುವುದು ಹೇಗೆಂದು ಕಲಿಸಿದಾಕೆ, ಹೆತ್ತ ಮಗ ನಡೆಯುವುದನ್ನು, ಮಾತು ಕಲಿಯುವುದನ್ನು ದಿನದಿನ ನೋಡಲಾಗಲಿಲ್ಲ. ಸರಿಯೋ ತಪ್ಪೋ ಎಂದು ಇಂದು ಕೂತು ತೀರ್ಪು ಕೊಡುವುದು ಸುಲಭ. ಆ ಸಂಕಟ ಎಂಥದ್ದಿರಬಹುದು ಎಂದು ತಾಯಂದಿರಾದ ನಾವು ಊಹಿಸಬಲ್ಲೆವು.

ಸ್ಯಾನ್ ಲೊರೆಂಜೊದ ವಠಾರ

ರೋಮ್‌ನ ಸ್ಯಾನ್ ಲೊರೆಂಜೊ ಕೂಲಿಕಾರರ ಬಡಾವಣೆ. ಕಟ್ಟಡಗಳ ಕಂಪನಿಯೊಂದು ಅಲ್ಲಿನ ಹಾಳು ಕಟ್ಟಡಗಳನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಟ್ಟಿತ್ತು. ಅಪ್ಪ ಅಮ್ಮ ದುಡಿಯಲು ಹೋದ ಮೇಲೆ ಉಳಿದ ಪುಟ್ಟ ಮಕ್ಕಳು ಗೋಡೆ ಗೀಚುವುದು, ಮೆಟ್ಟಿಲು ಕೆಡಿಸುವುದು. ಇವರನ್ನು ಒಂದು ಕೋಣೆಯಲ್ಲಿ ಕೂಡಿಸಿ ನೋಡಿಕೊಳ್ಳಲು ಯಾರಾದರೂ ಬೇಕಿತ್ತು. ಟೀಚರ್ ಆಗುವುದೇ ಬೇಡ ಎಂದಿದ್ದ ಮರಿಯಾ ಒಪ್ಪಿಕೊಂಡರು! 1907ರ ಜನವರಿ 6ರಂದು ಕಾಸಾ ದೇಯಿ ಬಂಬೀನಿ, ಅಂದರೆ ಮಕ್ಕಳ ಮನೆ, ಶುರುವಾಯಿತು.

ಅದೇ ಹೊತ್ತಿಗೆ ಮಕ್ಕಳ ಬುದ್ಧಿ ಅಳೆಯುವ ಇನ್ನೊಂದು ದಾರಿಯೂ ಹುಟ್ಟಿತ್ತು. ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ 1905ರಲ್ಲಿ ಪ್ರಶ್ನೆಗಳ ಒಂದು ಅಳತೆಗೋಲನ್ನೇ ಮಾಡಿದ್ದರು. ಹೆಚ್ಚಿನ ಸಹಾಯ ಬೇಕಾದ ಮಕ್ಕಳನ್ನು ಗುರುತಿಸಲು ಅದು ಉಪಯೋಗವೂ ಆಯಿತು. ಮರಿಯಾ ಕೂಡ ಮೊದಲು ಹಿಡಿದದ್ದು ಅಳತೆಯನ್ನೇ. ಮಕ್ಕಳ ಎತ್ತರ, ತೂಕ ಎಲ್ಲವನ್ನೂ ಬರೆದಿಡುತ್ತಿದ್ದರು. ಆದರೆ ಮಗುವಿನ ಮನಸ್ಸಿನ ವಿಷಯಕ್ಕೆ ಬಂದಾಗ ಅವರು ಪ್ರಶ್ನೆ ಕೇಳುವುದನ್ನು ಬಿಟ್ಟು, ಕೈಗೆ ಕೆಲಸ ಕೊಟ್ಟು ನೋಡುತ್ತಾ ಕೂತರು.

ಒಂದು ದಿನ ಮೂರು ವರ್ಷದ ಹುಡುಗಿಯೊಬ್ಬಳು ಮರದ ತುಂಡುಗಳ ಆಟದಲ್ಲಿದ್ದಳು. ಮರದ ದಿಮ್ಮಿಯಲ್ಲಿ ಬೇರೆ ಬೇರೆ ಅಳತೆಯ ಹತ್ತು ಗುಳಿ, ಅವುಗಳಿಗೆ ಸರಿಯಾಗಿ ಕೂರುವ ಹತ್ತು ಗುಂಡು ತುಂಡು. ಒಂದು ತಪ್ಪಿದರೂ ಕೊನೆಗೆ ಒಂದು ತುಂಡು ಕೂರುವುದಿಲ್ಲ, ಹಾಗಾಗಿ ತಪ್ಪು ಎಂದು ಯಾರೂ ಹೇಳಬೇಕಿಲ್ಲ. ಹುಡುಗಿ ಎಲ್ಲ ತೆಗೆದು, ಕಲಸಿ, ಮತ್ತೆ ಜೋಡಿಸಿದಳು. ಮತ್ತೆ, ಮತ್ತೆ. ಮರಿಯಾ ಎಣಿಸಲು ಶುರುಮಾಡಿದರು. ಉಳಿದ ಮಕ್ಕಳಿಗೆ ಸುತ್ತ ಹಾಡುತ್ತಾ ನಡೆಯಲು ಹೇಳಿದರು. ಹುಡುಗಿ ತಲೆ ಎತ್ತಲಿಲ್ಲ. ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ಟರು. ದಿಮ್ಮಿಯನ್ನು ತೊಡೆ ಮೇಲೆ ಎಳೆದುಕೊಂಡು ಮುಂದುವರಿಸಿದಳು! ನಲವತ್ತಕ್ಕೂ ಹೆಚ್ಚು ಸಲ ಮಾಡಿದ ಮೇಲೆ, ನಿದ್ದೆಯಿಂದ ಎದ್ದವಳ ಹಾಗೆ ನಿಲ್ಲಿಸಿ ಸುತ್ತ ನೋಡಿ ನಕ್ಕಳು. ಪುಟ್ಟ ಮಕ್ಕಳ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಅಷ್ಟು ದಿನ ಅದು ನಿಲ್ಲುವಂಥ ಕೆಲಸವನ್ನೇ ಯಾರೂ ಕೊಟ್ಟಿರಲಿಲ್ಲ.

ಇನ್ನೊಂದು ದಿನ ನಾಲ್ಕು ತಿಂಗಳ ಕೂಸೊಂದನ್ನು ಎತ್ತಿಕೊಂಡು ತರಗತಿಗೆ ಬಂದರು. ನೋಡಿ, ಈ ಪಾಪು ಎಷ್ಟು ಸದ್ದಿಲ್ಲದೆ ಇದೆ, ನಿಮಗೆ ಹೀಗಿರಲು ಆಗುವುದಿಲ್ಲ ಅಂತ ತಮಾಷೆಗೆ ಹೇಳಿದರು. ಮಕ್ಕಳು ಅದನ್ನು ಸವಾಲಾಗಿ ತೆಗೆದುಕೊಂಡು ಉಸಿರು ಬಿಗಿಹಿಡಿದು ಕೂತರು. ಕೋಣೆಯಲ್ಲಿ ಎಂದೂ ಕೇಳಿರದ ನಿಶ್ಶಬ್ದ. ಆಮೇಲೆ ಇದೇ ಒಂದು ಆಟವಾಯಿತು. ಪಕ್ಕದ ಕೋಣೆಯಿಂದ ಮರಿಯಾ ಒಂದೊಂದೇ ಹೆಸರನ್ನು ಪಿಸುಗುಟ್ಟುವರು. ಕರೆದ ಮಗು ತುದಿಗಾಲಲ್ಲಿ ಬರಬೇಕು, ಉಳಿದವರು ತಮ್ಮ ಸರದಿಗೆ ಕಾಯಬೇಕು. ಕೊನೆಯ ಮಗು ಎಷ್ಟು ಹೊತ್ತು ಕಾದಿರಬೇಕು ಯೋಚಿಸಿ. ಬಹುಮಾನಕ್ಕೆಂದು ತಂದ ಮಿಠಾಯಿಯನ್ನು ಮಕ್ಕಳು ಬೇಡವೆಂದರಂತೆ.

ಮೂಗು ಒರೆಸಿಕೊಳ್ಳುವುದನ್ನು ಕಲಿಸಿದ ಕಥೆ ಕೇಳಿ. ಸದ್ದಾಗದ ಹಾಗೆ ಕರವಸ್ತ್ರ ಮಡಚಿ ಮೂಗು ಸೀನುವುದು ಹೇಗೆಂದು ಮರಿಯಾ ತೋರಿಸಿದರು. ಮಕ್ಕಳು ನಗಬಹುದು ಅಂದುಕೊಂಡಿದ್ದರು. ಮಕ್ಕಳು ಚಪ್ಪಾಳೆ ತಟ್ಟಿದರು! ಮೂಗಿನ ವಿಷಯಕ್ಕೆ ಅವರನ್ನು ಎಲ್ಲರೂ ಬೈದಿದ್ದರು, ಹೇಗೆ ಅಂತ ಯಾರೂ ತೋರಿಸಿಕೊಟ್ಟಿರಲಿಲ್ಲ. ನಾವು ಮಗುವಿಗೆ ಶಿಸ್ತಿಲ್ಲ ಎನ್ನುವ ಎಷ್ಟೋ ಕಡೆ ನಡೆದಿರುವುದು ಇಷ್ಟೇ ಅಲ್ಲವೇ?

ಹತ್ತು ಗಂಟೆಯ ಗಲಾಟೆ

ಅವರ ಎಲ್ಲ ಕೆಲಸದಲ್ಲಿ ನನಗೆ ತುಂಬಾ ಉಪಯೋಗವಾದದ್ದು ಒಂದು ಗೆರೆ. 1916ರಲ್ಲಿ ಬಂದ ಪುಸ್ತಕದಲ್ಲಿ ಅವರು ಮಗುವಿನ ಒಂದು ಬೆಳಗನ್ನು ಗ್ರಾಫ್ ಹಾಗೆ ಬರೆದು ತೋರಿಸಿದರು. ಕೆಲಸದಲ್ಲಿ ಮುಳುಗಿದ್ದರೆ ಗೆರೆ ಮೇಲೆ, ಗಲಾಟೆಯಲ್ಲಿದ್ದರೆ ಕೆಳಗೆ. ಮೊದಲು ಮಗು ಸುಲಭದ ಕೆಲಸ ಮಾಡುತ್ತದೆ. ಹತ್ತು ಗಂಟೆ ಹೊತ್ತಿಗೆ ಚಡಪಡಿಕೆ, ಓಡಾಟ, ಗದ್ದಲ. ಅನುಭವವಿಲ್ಲದ ಟೀಚರ್ ಮಕ್ಕಳಿಗೆ ಸುಸ್ತಾಯಿತು ಅಂದುಕೊಂಡು ಎಲ್ಲ ನಿಲ್ಲಿಸಿ ಹೊರಗೆ ಕರೆದೊಯ್ಯುತ್ತಾಳೆ. ಆದರೆ ಸುಮ್ಮನೆ ಕಾದರೆ ಮಗು ತಾನೇ ಮೊದಲಿಗಿಂತ ಕಷ್ಟದ ಕೆಲಸವೊಂದನ್ನು ಹಿಡಿದು ಅದರಲ್ಲಿ ಮುಳುಗುತ್ತದೆ. ಹತ್ತು ಗಂಟೆಯದು ನಿಜವಾದ ಆಯಾಸವಲ್ಲ, ಸುಳ್ಳು ಆಯಾಸ ಎಂದರು ಮರಿಯಾ. ಆ ಹೊತ್ತಿಗೆ ಸರಿಯಾಗಿ ಯಾರಾದರೂ ಬಂದು ಮಗುವಿಗೆ ಅಂಕ ಹಾಕಿ ಹೋದರೆ? ಏಕಾಗ್ರತೆ ಸಾಲದು ಅಂತಲೇ ಬರೆಯುತ್ತಾರೆ.

ಮದ್ರಾಸಿಗೆ ಬಂದ ಅಜ್ಜಿ

1909ರಲ್ಲಿ ಬಂದ ಮೊದಲ ಪುಸ್ತಕದಿಂದಲೇ ಹೆಸರು ದೇಶ ದೇಶಕ್ಕೆ ಹರಡಿತು. 1912ರಲ್ಲಿ ತಾಯಿ ತೀರಿಕೊಂಡರು. ಸ್ವಲ್ಪ ಸಮಯಕ್ಕೆ ಹದಿಹರೆಯದ ಮಾರಿಯೊನನ್ನು ಮರಿಯಾ ಮನೆಗೆ ಕರೆತಂದರು. ಹೊರಗಿನವರಿಗೆ ಅವನು ಬಂಧುವಿನ ಮಗ. ಅಂದಿನಿಂದ ಮಾರಿಯೊ ಅವರ ನೆರಳಾದ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವಸ್ತುಪ್ರದರ್ಶನದಲ್ಲಿ ಗಾಜಿನ ಗೋಡೆಯ ತರಗತಿ ಮಾಡಿ ತೋರಿಸಿದಾಗ ಜನ ಮುಗಿಬಿದ್ದು ನೋಡಿದರು. 1924ರಿಂದ ಮುಸೊಲಿನಿ ಸರ್ಕಾರದ ಬೆಂಬಲವನ್ನೂ ಅವರು ಪಡೆದರು. ಇದನ್ನು ಇಂದಿಗೂ ಟೀಕಿಸುವವರಿದ್ದಾರೆ. ಕೊನೆಗೆ 1934ರಲ್ಲಿ ಆ ಸಂಬಂಧ ಮುರಿದು ಇಟಲಿಯಲ್ಲಿದ್ದ ಅವರ ಶಾಲೆಗಳು ಮುಚ್ಚಿದವು. ಸ್ಪೇನ್‌ಗೆ ಹೋದರೆ 1936ರಲ್ಲಿ ಅಲ್ಲೂ ಯುದ್ಧ. ನೆದರ್‌ಲೆಂಡ್ಸ್ ಸೇರಿದರು.

ನಮ್ಮ ದೇಶಕ್ಕೆ ಅವರ ವಿಚಾರ ಅವರಿಗಿಂತ ಮೊದಲೇ ಬಂದಿತ್ತು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲೇ ಬಾಲಮಂದಿರ ತೆರೆದಿದ್ದರು. ಗಾಂಧೀಜಿ 1931ರಲ್ಲಿ ಲಂಡನ್‌ನಲ್ಲಿ ಮರಿಯಾರನ್ನು ಭೇಟಿ ಮಾಡಿದ್ದರು. 1939ರ ನವೆಂಬರ್‌ನಲ್ಲಿ ಥಿಯಾಸಫಿಕಲ್ ಸೊಸೈಟಿಯ ಕರೆಯ ಮೇರೆಗೆ ಅರವತ್ತೊಂಬತ್ತರ ಮರಿಯಾ ಮಗನ ಜೊತೆ ಮದ್ರಾಸಿನ ಅಡ್ಯಾರ್‌ಗೆ ಬಂದರು. ಇವರು ಇಟಾಲಿಯನ್‌ನಲ್ಲಿ ಪಾಠ ಹೇಳುವುದು, ಮಾರಿಯೊ ಇಂಗ್ಲಿಷಿಗೆ ಹೇಳುವುದು. ದೇಶದ ಮೂಲೆಮೂಲೆಯಿಂದ ಶಿಕ್ಷಕರು ಬಂದು ಕಲಿತರು.

1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಬ್ರಿಟಿಷರ ಕಣ್ಣಲ್ಲಿ ತಾಯಿ ಮಗ ಇಬ್ಬರೂ ಶತ್ರು ದೇಶದವರು. ಮಾರಿಯೊನನ್ನು ಬಂಧಿಸಿ ಶಿಬಿರಕ್ಕೆ ಕಳಿಸಿದರು, ಮರಿಯಾ ಅಡ್ಯಾರ್ ಆವರಣ ಬಿಟ್ಟು ಹೊರಡುವಂತಿರಲಿಲ್ಲ. ಆಗಸ್ಟ್ 31ಕ್ಕೆ ಅವರಿಗೆ 70 ತುಂಬಿತು. ಅವತ್ತು ವೈಸರಾಯ್ ಕಡೆಯಿಂದ ಮಾರಿಯೊನನ್ನು ಬಿಡುಗಡೆ ಮಾಡುತ್ತಿರುವ ಸುದ್ದಿ ಬಂತು. ಹುಟ್ಟುಹಬ್ಬದ ಉಡುಗೊರೆಯಾಗಿ ಮಗನನ್ನು ಮರಳಿಸುತ್ತಿದ್ದೇವೆ ಎಂಬ ಆ ಸಂದೇಶದಲ್ಲಿ ಅವನು ಅವರ ಮಗನೇ ಆಗಿದ್ದ. ಬಂಧುವಿನ ಮಗನಲ್ಲ. ನಲವತ್ತೆರಡು ವರ್ಷ ಕಾದ ಮಾತು ನಮ್ಮ ನೆಲದಲ್ಲಿ ಸಿಕ್ಕಿತು.

ಯುದ್ಧದ ದಿನಗಳಲ್ಲಿ ಅವರು ಕೊಡೈಕೆನಾಲ್‌ನಲ್ಲೂ ಇದ್ದು ಕಲಿಸಿದರು. 1946ರಲ್ಲಿ ಯುರೋಪಿಗೆ ಮರಳಿದರೂ ಮತ್ತೆ ಭಾರತಕ್ಕೆ ಬಂದರು. 1952ರ ಮೇ 6ರಂದು ನೆದರ್‌ಲೆಂಡ್ಸ್‌ನ ಕಡಲ ತೀರದ ಊರಿನಲ್ಲಿ ತೀರಿಕೊಂಡರು. ಉಯಿಲಿನಲ್ಲಿ ಮಾರಿಯೊ ತನ್ನ ಮಗ ಎಂದೇ ಬರೆದಿದ್ದರು.

ಈಗಿನವರು ಏನನ್ನುತ್ತಾರೆ?

ಇವತ್ತು ಮಕ್ಕಳ ಈ ಶಕ್ತಿ ನೋಡಲು ಹಲವು ಪರೀಕ್ಷೆಗಳಿವೆ. ಹೆಸರಾದದ್ದು ಕಾರ್ಡು ಆಟ. ಮೊದಲು ಕಾರ್ಡುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡು ಅನ್ನುತ್ತಾರೆ. ಆಮೇಲೆ ಈಗ ಆಕಾರದ ಪ್ರಕಾರ ಅನ್ನುತ್ತಾರೆ. ಮೂರು ವರ್ಷದ ಬಹಳ ಮಕ್ಕಳು ಹೊಸ ನಿಯಮವನ್ನು ಬಾಯಲ್ಲಿ ಹೇಳುತ್ತಾರೆ, ಕೈ ಮಾತ್ರ ಹಳೆಯದನ್ನೇ ಮಾಡುತ್ತದೆ! ಐದು ವರ್ಷಕ್ಕೆ ಹೆಚ್ಚಿನವರು ಸರಿಯಾಗಿ ಮಾಡುತ್ತಾರೆ. ಅಂದರೆ ಮೂರರ ಮಗು ಮಾತು ಕೇಳದಿರುವುದು ಹಠವೇ ಆಗಿರಬೇಕಿಲ್ಲ.

ಅಮೆರಿಕದ ಮಿಲ್ವಾಕಿಯಲ್ಲಿ, ಲಾಟರಿ ಎತ್ತಿ ಮಾಂಟೆಸೊರಿ ಶಾಲೆಗೆ ಸೀಟು ಕೊಟ್ಟ ಮಕ್ಕಳನ್ನೂ ಸೀಟು ಸಿಗದ ಮಕ್ಕಳನ್ನೂ ಹೋಲಿಸಿದ ಅಧ್ಯಯನ 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಐದು ವರ್ಷದ ಮಾಂಟೆಸೊರಿ ಮಕ್ಕಳು ಇಂಥ ಕಾರ್ಡು ಆಟದಲ್ಲಿ ಮುಂದಿದ್ದರು. ತಿಂಡಿಗಾಗಿ ಕಾಯುವ ಪರೀಕ್ಷೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಬೋರ್ಡು ನೋಡಿ ದುಡ್ಡು ಕಟ್ಟಬೇಡಿ. ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಒಳಗೆ ಹೋಗಿ ಅರ್ಧ ಗಂಟೆ ನೋಡಿ. ಮಗು ತಾನೇ ಕೆಲಸ ಆರಿಸಿಕೊಳ್ಳುತ್ತದೆಯೇ? ಮುಳುಗಿರುವಾಗ ಟೀಚರ್ ಸುಮ್ಮನಿರುತ್ತಾರೆಯೇ?

ಮನೆಯಲ್ಲಿ ಹೀಗೆ ಮಾಡಿ

* ಒಂದು ನೋಟ್‌ಬುಕ್ ಇಡಿ. ಎರಡು ಮೂರು ವಾರ, ದಿನಕ್ಕೆ ಹತ್ತು ನಿಮಿಷ ಸುಮ್ಮನೆ ನೋಡಿ ಬರೆಯಿರಿ. ಹೊತ್ತು, ನಿದ್ದೆ, ಊಟ ಆಗಿತ್ತೇ ಎಂಬುದನ್ನೂ ಬರೆಯಿರಿ.

* ಬಟಾಣಿ ಸುಲಿಯುವುದು, ಲೋಟದಿಂದ ಲೋಟಕ್ಕೆ ನೀರು ಸುರಿಯುವುದು, ಇಂಥ ಕೈಕೆಲಸ ಕೊಡಿ. ನಿಧಾನವಾಗಿ ಒಮ್ಮೆ ಮಾಡಿ ತೋರಿಸಿ. ಆಮೇಲೆ ಶಭಾಷ್ ಅಂತಲೂ ಹೇಳಬೇಡಿ, ತಿದ್ದಲೂ ಹೋಗಬೇಡಿ. ಎಷ್ಟು ಹೊತ್ತು ಮಾಡುತ್ತದೆ ನೋಡಿ.

* ಚಪ್ಪಲಿ ಗೂಡಿನಲ್ಲಿಡು, ಕೈ ತೊಳೆದುಕೋ, ತಟ್ಟೆ ತಾ. ಮೂರು ಕೆಲಸ ಒಟ್ಟಿಗೆ ಹೇಳಿದಾಗ ಎಷ್ಟು ನೆನಪಿರುತ್ತದೆ? ಮೂರು ವರ್ಷಕ್ಕೆ ಎರಡು ಮಾಡಿದರೂ ಖುಷಿಪಡಿ.

* ನಮ್ಮ ಕೆರೆ ದಡ ಆಟ ಆಡಿಸಿ. ಮಗು ಆಟಕ್ಕೆ ಪಳಗಿದ ಮೇಲೆ ನಿಯಮ ತಿರುಗಿಸಿ. ಕೆರೆ ಅಂದರೆ ದಡಕ್ಕೆ, ದಡ ಅಂದರೆ ಕೆರೆಗೆ. ತಡೆದುಕೊಳ್ಳುವುದು, ಬದಲಾಯಿಸಿಕೊಳ್ಳುವುದು ಎರಡೂ ಇದರಲ್ಲೇ ಕಾಣುತ್ತವೆ.

* ಪಕ್ಕದ ಮನೆ ಮಗುವಿನ ಜೊತೆ ಹೋಲಿಸಬೇಡಿ. ಹೋದ ತಿಂಗಳ ನಿಮ್ಮ ಮಗುವಿನ ಜೊತೆ ಹೋಲಿಸಿ.

ಮನೆ, ಶಾಲೆ, ಅಜ್ಜಿ ಮನೆ ಎಲ್ಲ ಕಡೆಯೂ ತಿಂಗಳುಗಟ್ಟಲೆ ಒಂದೇ ತೊಂದರೆ ಕಂಡರೆ, ಮಾತು ತಡವಾಗಿದ್ದರೆ, ಕಿವಿ ಸರಿ ಕೇಳದ ಅನುಮಾನವಿದ್ದರೆ ಕಾಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. ಆಗ ಈ ನೋಟ್‌ಬುಕ್ ಡಾಕ್ಟರಿಗೂ ಉಪಯೋಗಕ್ಕೆ ಬರುತ್ತದೆ.

ನಾನೂ ಬರೆದೆ. ಬೆಳಿಗ್ಗೆ ತಿಂಡಿ ಆದ ಮೇಲೆ ನನ್ನ ಮಗಳು ಇಪ್ಪತ್ತು ನಿಮಿಷ ಒಂದೇ ಕೆಲಸದಲ್ಲಿ ಇರುತ್ತಾಳೆ. ಮಧ್ಯಾಹ್ನ ಊಟಕ್ಕೆ ಮುಂಚೆ ಎರಡು ನಿಮಿಷವೂ ಇಲ್ಲ. ಆ ಇಂಟರ್‌ವ್ಯೂ ನಡೆದದ್ದು ಮಧ್ಯಾಹ್ನ ಒಂದು ಗಂಟೆಗೆ! ಜೊತೆಗೆ ಇನ್ನೊಂದು ವಿಷಯವೂ ಗೊತ್ತಾಯಿತು. ಸರದಿಗೆ ಕಾಯುವುದು ಅವಳಿಗೆ ನಿಜವಾಗಿಯೂ ಕಷ್ಟ, ಯಾವ ಹೊತ್ತಿನಲ್ಲಾದರೂ. ಟೀಚರ್ ಬರೆದದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಈಗ ಸಂಜೆ ಹೊತ್ತು ಅಜ್ಜಿ, ಅವಳು, ನಾನು ಪಗಡೆ ಆಡುತ್ತೇವೆ. ಕವಡೆ ಅವಳ ಕೈಗೆ ಬರುವವರೆಗೆ ಅವಳು ಕೂತಲ್ಲೇ ಕುಣಿಯುತ್ತಾಳೆ. ಆದರೂ ಕಾಯುತ್ತಾಳೆ. ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದಿದ್ದೇನೆ.